ಆಡಂಬರ ಯಾರದು?

ನಮ್ಮ ಮನೆಯ ಮದುವೆಯನ್ನು ನಾವು 'ಅದ್ದೂರಿಯಾಗಿ' ಮಾಡುತ್ತೇವೆ. ಅಷ್ಟೇ ಖರ್ಚಿನಲ್ಲಿ ಪಕ್ಕದ ಮನೆಯವರು ಮಾಡಿದರೆ ಅದು 'ಆಡಂಬರ'. 'ನಾವು ಆಡಂಬರ ಮಾಡಿದೆವು' ಎಂದು ಯಾರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಇನ್ನೊಬ್ಬರ ಕಡೆ ಬೆರಳು ತೋರಿಸಲಿಕ್ಕೇ ಈ ಪದ ಹುಟ್ಟಿತೇನೋ ಎನ್ನಬೇಕು!

ಆದರೆ ಅದು ಹುಟ್ಟಿದ್ದು ಹಾಗಲ್ಲ. ಸಂಸ್ಕೃತದಲ್ಲಿ ಆಡಂಬರವೆಂದರೆ ಒಂದು ಬಗೆಯ ನಗಾರಿ. ಅಮರಕೋಶ ಅದಕ್ಕೆ ಕೊಡುವ ಅರ್ಥ ವಾದ್ಯಘೋಷ ಮತ್ತು ಆನೆಗಳ ಗರ್ಜನೆ. ಹಣದ ಮಾತೇ ಅಲ್ಲಿಲ್ಲ, ಇರುವುದು ಸದ್ದು. ದಾನ ಮಾಡುವಾಗ ಮುಂದೆ ತುತೂರಿ ಊದಿಸಬೇಡಿ ಎಂದು ಯೇಸುಸ್ವಾಮಿ ಎಚ್ಚರಿಸಿದ್ದೂ (ಮತ್ತಾಯ 6:2) ಈ ಸದ್ದಿನ ಬಗ್ಗೆಯೇ. ಕೊಟ್ಟದ್ದು ಹೆಚ್ಚಾಯಿತೆಂದು ಅವರು ಆಕ್ಷೇಪಿಸಲಿಲ್ಲ.

ಹಾಗಾದರೆ ದುಬಾರಿಯಾದುದೆಲ್ಲ ಆಡಂಬರವೇ? ಬೆಥಾನಿಯದಲ್ಲಿ ಮರಿಯಳು ಪ್ರಭುವಿನ ಪಾದಗಳಿಗೆ ಹಚ್ಚಿದ ಸುಗಂಧ ತೈಲದ ಬೆಲೆ 300 ದಿನಾರಿ, ಅಂದರೆ ಒಬ್ಬ ಕೂಲಿಯಾಳಿನ ಸುಮಾರು ಒಂದು ವರ್ಷದ ಸಂಪಾದನೆ. ಬಡವರ ಹೆಸರು ಹೇಳಿ ಅದನ್ನು ದೂರಿದವನು ಯೂದ. ಪ್ರಭು ಮರಿಯಳ ಪರವಾಗಿ ನಿಂತರು. ಅದೇ ಆಗ್ರಿಪ್ಪ ರಾಜನೂ ಬೆರ್ನಿಸಳೂ ಸೆಜರೇಯದ ಸಭಾಂಗಣಕ್ಕೆ ಬಂದ ವೈಖರಿ ನೋಡಿ (ಪ್ರೇಷಿತರ ಕಾರ್ಯಕಲಾಪಗಳು 25:23). ಅದನ್ನು ವರ್ಣಿಸಲು ಸಂತ ಲೂಕರು ಬಳಸಿದ ಗ್ರೀಕ್ ಪದ 'ಫಂತಸಿಯ', ಬರೀ ತೋರಿಕೆ. ಅವರೆದುರು ಬೇಡಿ ತೊಟ್ಟು ನಿಂತಿದ್ದವರು ಸಂತ ಪೌಲರು.

ಧರ್ಮಸಭೆಯೇನೂ ಇದಕ್ಕೆ ಹೊರತಲ್ಲ. ದೈವಾರಾಧನೆಯಲ್ಲಿ ಘನತೆಯ ಸರಳತೆ ಇರಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು. 1964ರ ನವೆಂಬರಿನಲ್ಲಿ ಪೋಪ್ ಆರನೇ ಪೌಲರು ತಮ್ಮ ಕಿರೀಟವನ್ನು ಬಡವರಿಗಾಗಿ ಬಲಿಪೀಠದ ಮೇಲಿಟ್ಟರು. (ಅದೂ ಎಲ್ಲರೆದುರೇ ನಡೆಯಿತು. ಎಲ್ಲರೂ ಕಂಡದ್ದೆಲ್ಲ ಆಡಂಬರವಾಗುವುದಿಲ್ಲ.) ಇತ್ತ ನಮ್ಮಲ್ಲಿ ದೇವಾಲಯಕ್ಕೆ ಒಂದು ಬೆಂಚು ಕೊಟ್ಟರೂ ಅದರ ಬೆನ್ನಿಗೆ ಕುಟುಂಬದವರೆಲ್ಲರ ಹೆಸರು ಬೇಕು!

ನಗಾರಿ ಬಾರಿಸುವವನಿಗೆ ಅದು ಸಂತೋಷದ ಸದ್ದು. ಪಕ್ಕದ ಮನೆಯ ತಂದೆಗೆ ಅದೇ ಸದ್ದು 'ನಿನ್ನಿಂದಾಗುತ್ತದೆಯೇ?' ಎಂದು ಕೇಳಿದಂತಿರುತ್ತದೆ. ಅವನು ಮಗಳ ಮದುವೆಗೆ ಸಾಲ ಮಾಡುತ್ತಾನೆ. ಇಲ್ಲವೇ ನೆಂಟರಿಗೆ ಊಟ ಹಾಕಿಸಲು ಶಕ್ತಿಯಿಲ್ಲವೆಂದು ಮಗುವಿನ ಮೊದಲ ಪರಮಪ್ರಸಾದವನ್ನೇ ಮುಂದಿನ ವರ್ಷಕ್ಕೆ ತಳ್ಳುತ್ತಾನೆ. ವರ್ಷವಿಡೀ ಧರ್ಮೋಪದೇಶ ಕಲಿತ ಮಗು ಅಂದು ಪೂಜೆಯಲ್ಲಿ ಹಿಂದೆ ಕೂತು ಗೆಳತಿಯರನ್ನು ನೋಡುತ್ತಿರುತ್ತದೆ.

ಅಂಥ ಮನೆಯವರು ಸಂಕೋಚಪಡದೆ ತಮ್ಮ ಧರ್ಮಕೇಂದ್ರದ ಗುರುಗಳ ಬಳಿ ಹೋಗಲಿ. ಅಕ್ಕನ ಹಳೆಯ ಬಿಳಿ ಫ್ರಾಕು ಸಾಕು. ಊಟ ಹಾಕಿಸಬೇಕೆಂಬ ನಿಯಮ ಎಲ್ಲಿಯೂ ಇಲ್ಲ.