ಬೇಕು, ಬೇಕಾಗುತ್ತೆ

ಇದನ್ನು ಕಂಪ್ಯೂಟರಿನಲ್ಲಿ ಓದ್ತಾ ಇದ್ದರೆ ಒಂದು ಸಣ್ಣ ಕೆಲಸ ಮಾಡಿ. ವಿಂಡೋಸ್ ಆದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಮ್ಯಾಕ್ ಆದರೆ ಆಕ್ಟಿವಿಟಿ ಮಾನಿಟರ್ ತೆರೆಯಿರಿ. ಸಿಪಿಯು ಅನ್ನೋ ಕಡೆ ಒಂದು ಶೇಕಡಾವಾರು ಸಂಖ್ಯೆ ಕಾಣುತ್ತೆ. ಮೊದಲ ಕ್ಷಣ ಮೇಲಕ್ಕೆ ಜಿಗಿದು, ಆಮೇಲೆ ಇಳಿದು, ಸಾಮಾನ್ಯವಾಗಿ ಹತ್ತರ ಕೆಳಗೆ ಬಂದು ನಿಲ್ಲುತ್ತೆ. ಅಂದರೆ ನೀವು ದುಡ್ಡು ಕೊಟ್ಟು ತಂದ ಪ್ರೊಸೆಸರ್ ಈಗ ಹೆಚ್ಚು ಕಮ್ಮಿ ಸುಮ್ಮನೆ ಕೂತಿದೆ. ಕಾರಿನಲ್ಲಿ ಕೇಳ್ತಾ ಇರೋರು ಮನೆಗೆ ಹೋದ ಮೇಲೆ ನೋಡಿ.

ಓದೋದು, ಮೇಲ್ ಬರೆಯೋದು, ಊರಿನವರ ಜೊತೆ ವಿಡಿಯೋ ಕಾಲ್, ಬ್ಯಾಂಕಿನ ಲೆಕ್ಕ, ಒಂದು ಎಕ್ಸೆಲ್ ಹಾಳೆ. ಬಹಳ ಜನರ ಕಂಪ್ಯೂಟರ್ ಬದುಕು ಇಷ್ಟೇ. ಹಾಗಿದ್ದೂ ನಾಲ್ಕೈದು ವರ್ಷಕ್ಕೊಮ್ಮೆ ಇನ್ನೂ ವೇಗದ ಪ್ರೊಸೆಸರ್ ಇರೋ ಹೊಸ ಯಂತ್ರ ಮನೆಗೆ ಬರುತ್ತೆ. ಯಾಕೆ ಅಂತ ಕೇಳಿದರೆ ಸಿಗೋ ಸುಲಭದ ಉತ್ತರ ಜನರ ಆಸೆ, ಕೊಳ್ಳುಬಾಕತನ. ಈ ಉತ್ತರ ನನಗೆ ಒಪ್ಪಿಗೆಯಿಲ್ಲ.

ಕನ್ನಡದಲ್ಲಿ ಈ ಪ್ರಶ್ನೆ ಕೇಳೋದೇ ಒಂಚೂರು ಕಷ್ಟ. ಇಂಗ್ಲಿಷಿನವರಿಗೆ ನೀಡ್ ಬೇರೆ, ವಾಂಟ್ ಬೇರೆ. ನಮಗೆ ಎರಡಕ್ಕೂ 'ಬೇಕು' ಒಂದೇ. ಜ್ವರಕ್ಕೆ ಮಾತ್ರೆಯೂ ಬೇಕು, ಊಟವಾದ ಮೇಲೆ ಎಲೆ ಅಡಿಕೆಯೂ ಬೇಕು. ಆದರೆ ಅದೇ ಕನ್ನಡದಲ್ಲಿ ಇನ್ನೊಂದು ರೂಪ ಇದೆ: 'ಬೇಕಾಗುತ್ತೆ'. 'ನನಗೆ ಕಾರು ಬೇಕು' ಅನ್ನೋದಕ್ಕೂ 'ಡಲ್ಲಾಸಿನಲ್ಲಿ ಇರ್ಬೇಕಾದರೆ ಕಾರು ಬೇಕಾಗುತ್ತೆ' ಅನ್ನೋದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮೊದಲನೆಯದರಲ್ಲಿ ಆಸೆ ನನ್ನದು. ಎರಡನೆಯದರಲ್ಲಿ ನನ್ನ ಆಸೆಯನ್ನ ಯಾರೂ ಕೇಳಿಲ್ಲ. ಬಸ್ಸನ್ನೇ ನಂಬಿ ಬದುಕೋಕಾಗದ ಹಾಗೆ ಊರು ಕಟ್ಟಿದ್ದಾರೆ, ನಾನು ಕಾರು ತಗೊಂಡಿದ್ದೀನಿ. ಆಮೇಲೆ ಯಾರೋ ಬಂದು 'ಈ ಜನಕ್ಕೆ ಕಾರಿನ ಹುಚ್ಚು' ಅಂದರೆ ಹೇಗಿರುತ್ತೆ?

ಸಾಮಾನ್ಯ ಬಳಕೆದಾರರ ಮಟ್ಟಿಗೆ ವೇಗದ ಪ್ರೊಸೆಸರ್ ಈ ಎರಡನೇ ಜಾತಿಗೆ ಸೇರಿದ್ದು ಅಂತ ನನ್ನ ವಾದ. ಹಾಗಾದರೆ ನೈತಿಕ ಪ್ರಶ್ನೆ ಕೊಳ್ಳುವವರನ್ನು ಬಿಟ್ಟು, ಅದನ್ನು 'ಬೇಕಾಗುವ' ಹಾಗೆ ಮಾಡಿದವರ ಕಡೆ ತಿರುಗುತ್ತೆ. ನಾನು ಡೇಟಾ ಸೈಂಟಿಸ್ಟ್, ಮಾಸ್ಟರ್ಸ್‌ಗೆ ಅಂತ ಜರ್ಮನಿಗೆ ಬಂದು ಇಲ್ಲೇ ಉಳಿದವನು. ಆ 'ಮಾಡಿದವರ' ಸಾಲಿನಲ್ಲಿ ನನ್ನ ವೃತ್ತಿಯವರೂ ನಿಲ್ತಾರೆ.

ಮೊದಲು ಒಂದು ಆಕ್ಷೇಪವನ್ನ ನಾನೇ ಎತ್ತಿಬಿಡ್ತೀನಿ, ಯಾಕಂದರೆ ಸರಾಸರಿ ಅನ್ನೋದು ಎಷ್ಟು ಮೋಸ ಮಾಡುತ್ತೆ ಅಂತ ನಮ್ಮ ಕಸುಬಿನವರಿಗೆ ಗೊತ್ತು. ಅಗ್ನಿಶಾಮಕ ದಳದ ಗಾಡಿಯೂ ದಿನದ ಬಹುಪಾಲು ನಿಂತೇ ಇರುತ್ತೆ. ಅದಕ್ಕೇ ಅದು ದಂಡ ಅಂತ ಯಾರೂ ಹೇಳಲ್ಲ. ಪ್ರೊಸೆಸರ್ ಕೂಡ ಹಾಗೇ. ಅದರ ಬೆಲೆ ಇರೋದು ನೀವು ಕ್ಲಿಕ್ ಮಾಡಿದ ಆ ಅರ್ಧ ಸೆಕೆಂಡಿನಲ್ಲಿ. ಹಾಗಾಗಿ ಕೇಳಬೇಕಾದದ್ದು, ಆ ಅರ್ಧ ಸೆಕೆಂಡಿನಲ್ಲಿ ಅದು ಯಾರ ಕೆಲಸ ಮಾಡ್ತಾ ಇರುತ್ತೆ ಅಂತ.

ಲೆಕ್ಕ ಹಾಕೋಣ. ಯೂನಿಕೋಡ್ ಕನ್ನಡದಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಹಿಡಿಯುತ್ತೆ. ಆ ಲೆಕ್ಕದಲ್ಲಿ ಈ ಪ್ರಬಂಧ ಪೂರ್ತಿ ಸೇರಿ ಮೂವತ್ತೈದು ಕಿಲೋಬೈಟ್ ಆಸುಪಾಸು. ಜಾಲತಾಣಗಳನ್ನ ವರ್ಷಗಳಿಂದ ಅಳೀತಾ ಬಂದಿರೋ ಎಚ್‌ಟಿಟಿಪಿ ಆರ್ಕೈವ್‌ನ 2024ರ ಅಂಕಿಗಳಲ್ಲಿ ಒಂದು ಮಧ್ಯಮ ಗಾತ್ರದ ಪುಟ 2.5 ಮೆಗಾಬೈಟ್ ದಾಟಿದೆ. ಇಂಥ ಎಪ್ಪತ್ತು ಪ್ರಬಂಧ ಅದರೊಳಗೆ ಹಿಡಿಸುತ್ತೆ. ಚಿತ್ರಗಳನ್ನ ಬಿಡಿ, ಅವು ಪ್ರೊಸೆಸರಿಗೆ ಅಂಥ ಭಾರ ಅಲ್ಲ. ಭಾರ ಆಗೋದು ಜಾವಾಸ್ಕ್ರಿಪ್ಟ್: ಜಾಹೀರಾತು ಹರಾಜು ಹಾಕೋ ಕೋಡ್, ನೀವು ಎಲ್ಲಿ ಬೆರಳಿಟ್ಟಿರಿ ಅಂತ ಬರೆದಿಟ್ಟುಕೊಳ್ಳೋ ಕೋಡ್, ಕುಕಿ ಒಪ್ಪಿಗೆಯ ಡಬ್ಬಿ ತೋರಿಸೋ ಕೋಡ್. ಸುದ್ದಿ ಓದೋದು ನೀವು. ನಿಮ್ಮ ಪ್ರೊಸೆಸರ್ ದುಡಿಯೋದು ಇನ್ಯಾರಿಗೋ.

ಎಷ್ಟೋ ಸಲ ನಿಧಾನಕ್ಕೆ ಪ್ರೊಸೆಸರ್ ಕಾರಣವೇ ಆಗಿರಲ್ಲ. ಶಿವಮೊಗ್ಗದಲ್ಲಿ ನಮ್ಮಪ್ಪನ ಹತ್ತಿರ 2015ರ ಒಂದು ಲ್ಯಾಪ್‌ಟಾಪ್ ಇದೆ. ಕೆಲವು ವರ್ಷದ ಹಿಂದೆ ಫೋನ್ ಮಾಡಿ, "ಏನೋ, ಅಂಗಡಿಯವನು ಪ್ರೊಸೆಸರ್ ಹಳೇದಾಯ್ತು ಸಾರ್, ಐ-ಸೆವೆನ್ ತಗೊಳ್ಳಿ ಅಂತಾನೆ, ತಗೊಳ್ಳಲಾ?" ಅಂದರು. ಇಲ್ಲಿಂದಲೇ ಅವರ ಪರದೆ ತೆರೆದು ನೋಡಿದೆ. ಪ್ರೊಸೆಸರ್ ಎಂಟು ಪರ್ಸೆಂಟ್, ಡಿಸ್ಕ್ ನೂರಕ್ಕೆ ನೂರು. ತಿರುಗೋ ಹಾರ್ಡ್ ಡಿಸ್ಕಿನಲ್ಲಿ ಎಲ್ಲೋ ಇರೋ ಒಂದು ತುಣುಕನ್ನ ಹುಡುಕೋಕೆ ಸುಮಾರು 10 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ 3 ಗಿಗಾಹರ್ಟ್ಸ್ ಪ್ರೊಸೆಸರಿನ ಗಡಿಯಾರ ಮೂರು ಕೋಟಿ ಸಲ ಬಡಿದಿರುತ್ತೆ, ಹೆಚ್ಚಿನಂಶ ಕಾಯ್ತಾ. ಎಸ್‌ಎಸ್‌ಡಿ ಹಾಕಿಸಿ, ನಾಲ್ಕಿದ್ದ ರ್‍ಯಾಮ್ ಎಂಟು ಜಿಬಿ ಮಾಡಿಸಿದ್ದಾಯ್ತು, ಐದು ಸಾವಿರದ ಒಳಗೆ. "ಹೊಸದೇ ಆಗೋಯ್ತಲ್ಲೋ" ಅಂದರು ಅಪ್ಪ. ಅಂಗಡಿಯವರದ್ದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. 'ನಿಧಾನ' ಅಂದರೆ 'ಹಳೇ ಪ್ರೊಸೆಸರ್' ಅಂತ ಹೇಳಿಕೊಟ್ಟದ್ದು ಮೂವತ್ತು ವರ್ಷದ ಜಾಹೀರಾತು.

ಆ ಜಾಹೀರಾತಿಗೂ ಒಂದು ಕಾಲದಲ್ಲಿ ಆಧಾರ ಇತ್ತು. ಚಿಪ್ಪಿನಲ್ಲಿ ಹಿಡಿಯೋ ಟ್ರಾನ್ಸಿಸ್ಟರುಗಳ ಸಂಖ್ಯೆ ವರ್ಷವರ್ಷಕ್ಕೂ ಇಮ್ಮಡಿ ಆಗುತ್ತೆ ಅಂತ ಗಾರ್ಡನ್ ಮೂರ್ 1965ರಲ್ಲಿ ಅಂದಾಜು ಮಾಡಿದರು. 1975ರಲ್ಲಿ ಅದನ್ನ ಎರಡು ವರ್ಷಕ್ಕೆ ತಿದ್ದಿದರು. ಟ್ರಾನ್ಸಿಸ್ಟರ್ ಚಿಕ್ಕದಾದ ಹಾಗೆಲ್ಲ ಶಾಖ ಹೆಚ್ಚಿಸದೆ ವೇಗ ಏರಿಸಬಹುದಿತ್ತು. 2005ರ ಸುಮಾರಿಗೆ ಆ ಸವಲತ್ತು ಮುಗಿದು, ವೇಗ ಏರಿಸಿದರೆ ಚಿಪ್ ಸುಡೋಕೆ ಶುರುವಾಯ್ತು. ಆಮೇಲೆ ಬಂದದ್ದು ಒಂದರ ಬದಲು ಎರಡು, ನಾಲ್ಕು, ಎಂಟು ಕೋರ್. ಎಂಟು ಜನ ಅಡುಗೆಯವರಿದ್ದರೂ ಒಂದು ಪಾತ್ರೆ ಅನ್ನ ಬೇಯೋ ಹೊತ್ತಿಗೇ ಬೇಯೋದು. ಪತ್ರ ಟೈಪ್ ಮಾಡೋ ಕೆಲಸ ಆ ಅನ್ನದ ಹಾಗೆ.

ಹಾಗಾದರೆ ಬಂದ ವೇಗವೆಲ್ಲ ಎಲ್ಲಿ ಹೋಯ್ತು? ಇದನ್ನ ನೇರವಾಗಿ ಕೇಳಿದವರು ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್, ಪಾಸ್ಕಲ್ ಭಾಷೆ ಕೊಟ್ಟವರು. 1995ರ ಲೇಖನವೊಂದರಲ್ಲಿ, ಯಂತ್ರ ವೇಗವಾಗೋದಕ್ಕಿಂತ ಬೇಗ ತಂತ್ರಾಂಶ ನಿಧಾನ ಆಗ್ತಿದೆ ಅನ್ನೋ ಮಾತನ್ನ ಮುಂದಿಟ್ಟರು. ಅದು ಮಾರ್ಟಿನ್ ರೈಸರ್ ಅವರ ಮಾತು ಅಂತ ಹೇಳಿದರೂ ಜನ ಅದನ್ನ ವಿರ್ತ್ ನಿಯಮ ಅಂತಲೇ ಕರೀತಾರೆ. 2017ರಲ್ಲಿ ಒಬ್ಬ ಇಂಜಿನಿಯರ್ ಇನ್ನೊಂದು ಮಜವಾದ ಅಳತೆ ಮಾಡಿದರು: ಕೀ ಒತ್ತಿದ ಮೇಲೆ ಪರದೆಯಲ್ಲಿ ಅಕ್ಷರ ಮೂಡೋಕೆ ಎಷ್ಟು ಹೊತ್ತು? 1983ರ ಆಪಲ್ ಟು-ಇ, ಒಂದು ಮೆಗಾಹರ್ಟ್ಸ್ ಯಂತ್ರ, 30 ಮಿಲಿಸೆಕೆಂಡ್ ತಗೊಂಡಿತ್ತು. ಅವರು ಅಳೆದ ಹೊಸ ಯಂತ್ರಗಳಲ್ಲಿ ಹಲವು ನೂರು ದಾಟಿದ್ದವು. ಕೀಬೋರ್ಡಿನಿಂದ ಪರದೆಯ ತನಕ ನಡುವೆ ಪದರದ ಮೇಲೆ ಪದರ ಸೇರಿದೆ, ಪ್ರತಿ ಪದರವೂ ತನ್ನ ಸುಂಕ ವಸೂಲಿ ಮಾಡುತ್ತೆ.

ನಮ್ಮ ಭಾಷೆಯ ಕಥೆಯೂ ಇಲ್ಲಿ ಬರುತ್ತೆ. 'ಬರಹ' ಬಂದದ್ದು 1998ರಲ್ಲಿ, ಕೆಲವೇ ವರ್ಷದಲ್ಲಿ 'ನುಡಿ'. ಆ ಕಾಲದ ಪೆಂಟಿಯಮ್ ಯಂತ್ರಗಳಲ್ಲಿ ಒತ್ತಕ್ಷರ, ದೀರ್ಘ, ಅರ್ಕಾವತ್ತು ಎಲ್ಲ ಮೂಡ್ತಾ ಇದ್ದವು. ಅಮೆರಿಕಕ್ಕೋ ಗಲ್ಫಿಗೋ ಆಗ ಹೋದವರು ಊರಿಗೆ ಬರೆದ ಮೊದಲ ಕನ್ನಡ ಮೇಲುಗಳು ಅಂಥ ಯಂತ್ರಗಳಿಂದಲೇ ಹೋದದ್ದು. ಕನ್ನಡ ಕಾಯ್ತಾ ಇದ್ದದ್ದು ಯಾರಾದರೂ ಕೂತು ಕೋಡ್ ಬರೀಲಿ ಅಂತ. ಯಂತ್ರ ಆಗಲೇ ಸಾಕಷ್ಟು ವೇಗವಾಗಿತ್ತು.

ಆದರೆ ವೇಗವೆಲ್ಲ ಪೋಲು ಅಂತ ಹೇಳಿದರೆ ಅದೂ ಸುಳ್ಳು. ಒತ್ತಕ್ಷರ ಟೈಪ್ ಮಾಡೋದು ಗೋಡೆಯಾಗಿದ್ದ ಎಷ್ಟೋ ಅಮ್ಮಂದಿರು, ಅಜ್ಜಿಯರು ಈಗ ಫೋನಿಗೆ ಕನ್ನಡದಲ್ಲಿ ಮಾತಾಡಿ ಸಂದೇಶ ಕಳಿಸ್ತಾರೆ. ಗೂಗಲ್ 2017ರಲ್ಲಿ ತನ್ನ ಧ್ವನಿ ಟೈಪಿಂಗಿಗೆ ಕನ್ನಡ ಸೇರಿಸಿತು. ಧ್ವನಿಯನ್ನ ಅಕ್ಷರ ಮಾಡೋ ಲೆಕ್ಕ ಭಾರೀ ಲೆಕ್ಕ. ಅದು ಎಲ್ಲೋ ದೂರದ ಸರ್ವರಿನಲ್ಲಿ ನಡೆಯೋ ಬದಲು ಕೈಯಲ್ಲಿರೋ ಫೋನಿನಲ್ಲೇ ನಡೆದರೆ ನಿಮ್ಮ ಮನೆ ಮಾತು ಮನೆಯಲ್ಲೇ ಉಳಿಯುತ್ತೆ, ಅದಕ್ಕೆ ಬಲವಾದ ಚಿಪ್ ನಿಜಕ್ಕೂ ಬೇಕು. ಡಿಸ್ಕ್ ಪೂರ್ತಿ ಗೂಢಲಿಪಿಯಲ್ಲಿ ಇಡೋದು, ಒಂದು ಜಾಲತಾಣ ಇನ್ನೊಂದರ ಒಳಗೆ ಇಣುಕದ ಹಾಗೆ ಬೇರೆ ಬೇರೆ ಇಡೋದು, ಇವೆಲ್ಲ ಸಾಮಾನ್ಯರ ರಕ್ಷಣೆಗೇ ಖರ್ಚಾಗೋ ವೇಗ. ಬೇಗ ಕೆಲಸ ಮುಗಿಸಿ ಬೇಗ ಮಲಗೋ ಪ್ರೊಸೆಸರ್ ಬ್ಯಾಟರಿ ಉಳಿಸುತ್ತೆ ಅನ್ನೋದೂ ಸತ್ಯ. ಫ್ಯಾನೇ ಇಲ್ಲದ 2020ರ ಎಂ-ಒನ್ ಮ್ಯಾಕ್‌ಬುಕ್ ಏರ್ ಬಳಸಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹೊಸ ವೇಗ ಬಂದಾಗಲೆಲ್ಲ ನಾನು ನೋಡೋದು, ಉಳಿದ ಹೊತ್ತು ಯಾರ ಕೈಗೆ ಹೋಯ್ತು ಅಂತ. ಅಜ್ಜಿಯ ಕೈಗೋ, ಜಾಹೀರಾತಿನ ಹರಾಜಿಗೋ?

ಈಗ ಕಷ್ಟದ ಭಾಗ. ನಮ್ಮ ವೃತ್ತಿಯಲ್ಲಿ ಒಂದು ಲೆಕ್ಕಾಚಾರ ಇದೆ: ಇಂಜಿನಿಯರಿನ ಸಮಯ ದುಬಾರಿ, ಪ್ರೊಸೆಸರ್ ಅಗ್ಗ. ಒಂದು ವಾರ ಕೂತು ಕೋಡನ್ನ ಹಗುರ ಮಾಡೋ ಬದಲು ಇದ್ದ ಹಾಗೇ ಬಿಟ್ಟುಬಿಡಿ, ಮುಂದಿನ ವರ್ಷದ ಚಿಪ್ ನೋಡಿಕೊಳ್ಳುತ್ತೆ. ಇದಕ್ಕೆ ಎದುರು ಲೆಕ್ಕ ಸುಲಭವಾಗಿ ಹಾಕಬಹುದು. ಹತ್ತು ಲಕ್ಷ ಜನ ಬಳಸೋ ಆ್ಯಪ್ ದಿನಕ್ಕೆ ಅರ್ಧ ಸೆಕೆಂಡ್ ಹೆಚ್ಚು ಕಾಯಿಸಿದರೆ ಐದು ಲಕ್ಷ ಸೆಕೆಂಡ್, ಸುಮಾರು 139 ಗಂಟೆ. ಇಂಜಿನಿಯರಿನ ನಲವತ್ತು ಗಂಟೆಯ ವಾರ ಒಂದೇ ದಿನದಲ್ಲಿ ಮೂರು ಪಟ್ಟು ಮುರಿದುಕೊಳ್ಳುತ್ತೆ.

ಈ ಎದುರು ಲೆಕ್ಕವನ್ನ ಬಹಳ ಜನ ಹೆಮ್ಮೆಯಿಂದ ಹೇಳ್ತಾರೆ. ನನಗೆ ಪೂರ್ತಿ ಒಪ್ಪಿಗೆಯಾಗಲ್ಲ. ಹತ್ತು ಲಕ್ಷ ಜನರಲ್ಲಿ ಒಬ್ಬರಿಗೂ ಆ ಅರ್ಧ ಸೆಕೆಂಡ್ ತಿಳಿಯದೇ ಹೋದರೆ ನಷ್ಟ ಆದದ್ದು ಯಾರಿಗೆ? ಯಾರೂ ಅನುಭವಿಸದ ಚೂರುಗಳನ್ನ ಕೂಡಿಸಿ ದೊಡ್ಡ ಅನ್ಯಾಯ ಅಂತ ಕರೆಯಬಹುದಾ? ಹತ್ತು ಲಕ್ಷ ಜನರಿಗೆ ಒಂದೊಂದು ಸೊಳ್ಳೆ ಕಚ್ಚಿದ್ದನ್ನ ಕೂಡಿಸಿದರೆ ಒಬ್ಬನ ಕಾಲು ಮುರಿದದ್ದಕ್ಕೆ ಸಮ ಆಗುತ್ತಾ? ಆಗಲ್ಲ ಅಂತಲೇ ನನ್ನ ಮನಸ್ಸು ಹೇಳುತ್ತೆ.

ಆದರೆ ಆ ಅರ್ಧ ಸೆಕೆಂಡ್ ಅನ್ನೋದು ಸರಾಸರಿ. ಸಮವಾಗಿ ಹಂಚಿಹೋಗಿರೋದಲ್ಲ. ಕೋಡ್ ಬರೆದವನ ಹೊಸ ಲ್ಯಾಪ್‌ಟಾಪಿನಲ್ಲಿ ಅದು ಕಣ್ಣಿಗೇ ಬೀಳಲ್ಲ. ಅದೇ ಕೋಡ್ ಎಂಟು ವರ್ಷದ ಹಳೇ ಯಂತ್ರದಲ್ಲಿ ಐದು ಸೆಕೆಂಡ್, ಹತ್ತು ಸೆಕೆಂಡ್. ಆ ತುದಿಯಲ್ಲಿರೋರಿಗೆ ಇದು ಸೊಳ್ಳೆ ಕಡಿತ ಅಲ್ಲ. ಅವರು ಎರಡು ಸಲ ಕ್ಲಿಕ್ ಮಾಡ್ತಾರೆ, ಮೂರನೇ ಸಲ 'ನನಗೆ ಇದೆಲ್ಲ ಬರಲ್ಲ' ಅಂತ ತಮ್ಮನ್ನೇ ಬೈದುಕೊಳ್ತಾರೆ, ಆಮೇಲೆ ದುಡ್ಡು ಹೊಂದಿಸಿ ಹೊಸದು ತರ್ತಾರೆ. ಕಟ್ಟೋರು ಉಳಿಸಿದ ಒಂದು ವಾರದ ಖರ್ಚನ್ನ ಕೊನೆಗೆ ತೆತ್ತವರು ಅವರು. ನಮ್ಮ ಗ್ರಾಫುಗಳಲ್ಲಿ ಆ ತುದಿಗೆ ಬಾಲ ಅಂತ ಹೆಸರು, ಬಾಲದಲ್ಲಿ ಇರೋರು ದೂರು ಬರೆಯೋದು ಕಮ್ಮಿ.

ವೇಗದ ಮಾತು ಬಿಟ್ಟು ನೋಡಿದರೂ 'ಬೇಕಾಗುತ್ತೆ' ಹೇಗೆ ತಯಾರಾಗುತ್ತೆ ಅನ್ನೋದಕ್ಕೆ ಈಚೆಗಿನ ದೊಡ್ಡ ಉದಾಹರಣೆ ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಭಾಗ ಇರಬೇಕು, ಇಂಟೆಲ್ ಆದರೆ ಹೆಚ್ಚೂಕಮ್ಮಿ ಎಂಟನೇ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಕೊಟ್ಟ ಕಾರಣ ಭದ್ರತೆ, ಅದರಲ್ಲಿ ಹುರುಳಿದೆ. ಆದರೆ ಸಂಜೆ ತನಕ ಚೆನ್ನಾಗಿ ಓಡ್ತಿದ್ದ ಯಂತ್ರ ಮರುದಿನ 'ಹಳೇದು' ಆಗಿದ್ದು ಅದರೊಳಗೆ ಏನೋ ಸವೆದು ಅಲ್ಲ. ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಬೇಕು ಅನ್ನೋರಿಗೆ ಮೊದಲು ಇಟ್ಟ ದಾರಿಗಳು: 30 ಡಾಲರ್ ಕೊಡಿ, ಇಲ್ಲವೇ ಸೆಟ್ಟಿಂಗ್‌ಗಳನ್ನ ಕ್ಲೌಡಿಗೆ ಬ್ಯಾಕಪ್ ಮಾಡಿ, ಇಲ್ಲವೇ ಅವರ ರಿವಾರ್ಡ್ ಪಾಯಿಂಟ್ ಖರ್ಚು ಮಾಡಿ. ಯುರೋಪಿನ ಗ್ರಾಹಕ ಸಂಘಟನೆಗಳು ಪಟ್ಟು ಹಿಡಿದ ಮೇಲೆ ಇಲ್ಲಿಯವರಿಗೆ ಆ ಷರತ್ತು ಸಡಿಲಿಸಿ ಉಚಿತ ಮಾಡಿದರು. ಒಂದೇ ಮಾದರಿಯ ಯಂತ್ರ, ಒಂದೇ ಚಿಪ್. ಮ್ಯೂನಿಕ್ಕಿನಲ್ಲಿ ಇದ್ದರೆ ಒಂದು ನಿಯಮ, ಶಿವಮೊಗ್ಗದಲ್ಲಿ ಇದ್ದರೆ ಇನ್ನೊಂದು. ಚಿಪ್ಪಿಗೆ ಯಾವ ಊರಲ್ಲಿದ್ದೀನಿ ಅಂತ ಗೊತ್ತಿಲ್ಲ.

ಎಸೆದದ್ದು ಹೋಗೋದೂ ಎಲ್ಲೋ ಒಂದು ಕಡೆಗೇ. ವಿಶ್ವಸಂಸ್ಥೆಯ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು, ಸರಿಯಾಗಿ ಸಂಗ್ರಹಿಸಿ ಮರುಬಳಕೆ ಆದದ್ದಕ್ಕೆ ದಾಖಲೆ ಇರೋದು ಶೇಕಡಾ 22.3ಕ್ಕೆ ಮಾತ್ರ. ಅದರಲ್ಲಿ ಫ್ರಿಜ್ಜು, ವಾಷಿಂಗ್ ಮೆಷೀನು ಎಲ್ಲ ಸೇರಿದೆ, ಪೂರ್ತಿ ಲ್ಯಾಪ್‌ಟಾಪಿನ ತಲೆಗೆ ಕಟ್ಟೋಕಾಗಲ್ಲ. ಆದರೆ ಲ್ಯಾಪ್‌ಟಾಪ್ ಇಡೀ ಆಯಸ್ಸಿನಲ್ಲಿ ಹೊರಹಾಕೋ ಇಂಗಾಲದಲ್ಲಿ ದೊಡ್ಡ ಪಾಲು ಅದನ್ನ ತಯಾರಿಸುವಾಗಲೇ ಆಗಿಬಿಟ್ಟಿರುತ್ತೆ. ಹಾಗಾಗಿ ಇದ್ದದ್ದನ್ನ ಇನ್ನೆರಡು ವರ್ಷ ಓಡಿಸೋದೇ ಹೆಚ್ಚಿನ ಉಳಿತಾಯ, 'ಕಮ್ಮಿ ಕರೆಂಟ್' ಚೀಟಿ ಅಂಟಿಸಿದ ಹೊಸದನ್ನ ತರೋದು ಅಲ್ಲ.

ಜರ್ಮನಿಯಲ್ಲಿ ಬ್ಲೌವರ್ ಎಂಗೆಲ್, ಅಂದರೆ ನೀಲಿ ದೇವದೂತ, ಅನ್ನೋ ಪರಿಸರ ಮುದ್ರೆ ಇದೆ. ಇಲ್ಲಿರೋರು ಟಾಯ್ಲೆಟ್ ಪೇಪರ್ ಮೇಲೆ, ನೋಟ್ ಪುಸ್ತಕದ ಮೇಲೆ ನೋಡಿರ್ತೀರಿ. 2020ರಿಂದ ಅದನ್ನ ತಂತ್ರಾಂಶಕ್ಕೂ ಕೊಡೋಕೆ ಮಾನದಂಡ ಇದೆ, ಮತ್ತು 2022ರಲ್ಲಿ ಮೊದಲು ಪಡೆದದ್ದು ಓಕ್ಯುಲರ್ ಅನ್ನೋ ಪಿಡಿಎಫ್ ಓದೋ ತಂತ್ರಾಂಶ. ಅದರ ಷರತ್ತುಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು: ತಂತ್ರಾಂಶ ಕನಿಷ್ಠ ಐದು ವರ್ಷ ಹಳೇ ಕಂಪ್ಯೂಟರಿನಲ್ಲೂ ಓಡಬೇಕು. ಇಲ್ಲಿ ಜವಾಬ್ದಾರಿ ಕೊಳ್ಳುವವರ ಸಂಯಮದ ಮೇಲೆ ಬೀಳಲ್ಲ, ಬರೆಯುವವರ ಮೇಜಿನ ಮೇಲೆ ಬರುತ್ತೆ. ಐದು ವರ್ಷ ಅಂದರೆ ಅತಿಯಾಯ್ತು ಅಂತ ಸಹೋದ್ಯೋಗಿಗಳು ವಾದ ಮಾಡ್ತಾರೆ. ನನಗಂತೂ ಕಮ್ಮಿ ಆಯ್ತು ಅನ್ಸುತ್ತೆ. ಐದು ವರ್ಷದ ಮಿಕ್ಸಿಯನ್ನ ನಮ್ಮ ಮನೆಗಳಲ್ಲಿ ಯಾರೂ ಹಳೇದು ಅಂತ ಕರೆಯಲ್ಲ.