ಆಟದಲ್ಲಿನ ಕಳ್ಳದಾರಿ

ಕಟ್ಟಿದವನು ಎಣಿಸದ ದಾರಿಯಲ್ಲಿ ನಡೆದು ಗುರಿಯನ್ನು ಮುಟ್ಟಿದವನನ್ನು ನಿಪುಣನೆನ್ನಬೇಕೆ, ವಂಚಕನೆನ್ನಬೇಕೆ? ಪ್ರಶ್ನೆಯು ಹಳೆಯದು. ವಿಡಿಯೋ ಆಟಗಳನ್ನು ಅತ್ಯಲ್ಪ ಕಾಲದಲ್ಲಿ ಮುಗಿಸುವ ‘ಸ್ಪೀಡ್‌ರನ್’ ಎಂಬ ಅಭ್ಯಾಸವು ಅದಕ್ಕೆ ಹೊಸ ರೂಪವನ್ನು ಕೊಟ್ಟಿದೆ.

ಜಪಾನಿನ ನಿಂಟೆಂಡೋ ಸಂಸ್ಥೆಯು 1985ರಲ್ಲಿ ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಆಟವನ್ನೇ ತೆಗೆದುಕೊಳ್ಳೋಣ. ಅದರಲ್ಲಿ 32 ಘಟ್ಟಗಳಿವೆ. ನಿರ್ಮಾಪಕರೇ ಇಟ್ಟಿರುವ ಗುಪ್ತ ಕೊಳವೆಗಳಲ್ಲಿ ಇಳಿದರೆ 8 ಘಟ್ಟಗಳಲ್ಲಿಯೇ ಆಟವನ್ನು ಮುಗಿಸಬಹುದು. ಇಷ್ಟಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ನುರಿತವನು ಅಲ್ಲಿಗೇ ನಿಲ್ಲುವುದಿಲ್ಲ. ನಿರ್ಮಾಪಕರ ಕಣ್ಣಿಗೆ ಬೀಳದೆ ಉಳಿದ ಲೋಪಗಳನ್ನು ಹುಡುಕಿ, ಗೋಡೆಯೊಳಗೆ ನುಸುಳುತ್ತಾನೆ. ಘಟ್ಟದ ಕೊನೆಯಲ್ಲಿ ಧ್ವಜವು ಇಳಿಯುವ ಹೊತ್ತನ್ನು ಸಹ ಉಳಿಸುತ್ತಾನೆ. ತೆರೆಯ ಮೇಲೆ ಸೆಕೆಂಡಿಗೆ ಸುಮಾರು 60 ಚಿತ್ರಗಳು ಸರಿಯುತ್ತವೆ. ಮುಂದಿನ ಘಟ್ಟದ ಬಾಗಿಲು 21 ಚಿತ್ರಗಳಿಗೊಮ್ಮೆ ಮಾತ್ರ ತೆರೆಯುತ್ತದೆ. ಒಮ್ಮೆ ತಪ್ಪಿದರೆ ಸೆಕೆಂಡಿನ ಮೂರನೆಯ ಒಂದು ಪಾಲು ಹೋಯಿತು. 2021ರಲ್ಲಿ ಒಬ್ಬ ಆಟಗಾರನು 4 ನಿಮಿಷ 55 ಸೆಕೆಂಡಿಗಿಂತ ಕಡಿಮೆ ಕಾಲದಲ್ಲಿ ಆಟವನ್ನು ಮುಗಿಸಿದನು. ಅದಕ್ಕೆ ಮುಂಚೆ ಕೈಯಾರೆ ಆಡಿದವರಾರೂ ಆ ಗಡಿಯನ್ನು ದಾಟಿರಲಿಲ್ಲ.

ಗೋಡೆಯೊಳಗೆ ನುಸುಳಿದ ಮೇಲೆ ಅದು ಮೋಸವಲ್ಲವೆ? ಮೋಸವಾಗಬೇಕಾದರೆ ಮೋಸಹೋಗುವವನೊಬ್ಬನು ಬೇಕು. ಯಂತ್ರವು ಮೋಸಹೋಗುವುದಿಲ್ಲ, ತನಗೆ ವಿಧಿಸಿದಂತೆಯೇ ನಡೆಯುತ್ತದೆ. ಜೊತೆಯ ಆಟಗಾರರೂ ಮೋಸಹೋಗುವುದಿಲ್ಲ. ಯಾವ ಲೋಪವನ್ನು ಬಳಸಬಹುದೆಂಬುದನ್ನು ಅವರೇ ಕೂಡಿ ಗೊತ್ತುಮಾಡುತ್ತಾರೆ. ಕಂಡುಹಿಡಿದ ದಾರಿಯನ್ನು ಇತರರಿಗೆ ಕಲಿಸಿಕೊಡುವುದು ಅವರಲ್ಲಿ ವಾಡಿಕೆ. ಲೋಪಗಳ ನೆರವಿಲ್ಲದೆ ಆಡುವವರಿಗೆ ಅನೇಕ ಆಟಗಳಲ್ಲಿ ಬೇರೊಂದು ಪಂಕ್ತಿಯೇ ಇದೆ.

ಅವರಲ್ಲಿ ನಿಜವಾದ ಅಪರಾಧವು ಬೇರೆ. ‘ಮೈನ್‌ಕ್ರಾಫ್ಟ್’ ಎಂಬ ಆಟದ ಕೆಲವು ಓಟಗಳಲ್ಲಿ ಆಟಗಾರನಿಗೆ ದೊರೆತ ವಸ್ತುಗಳ ಸಂಖ್ಯೆಯು ಸಂಭವದ ಗಣಿತಕ್ಕೆ ಒಗ್ಗದಿರಲು, ಪರೀಕ್ಷಕರು 2020ರ ಕೊನೆಯಲ್ಲಿ ಅವುಗಳನ್ನು ತಿರಸ್ಕರಿಸಿದರು. ಆಟದಲ್ಲಿ ಮಾರ್ಪಾಡು ಇದ್ದಿತೆಂದೂ, ಅದು ತನಗೆ ತಿಳಿಯದೆ ಆದದ್ದೆಂದೂ ಆ ಆಟಗಾರನು 2021ರಲ್ಲಿ ಒಪ್ಪಿಕೊಂಡನು. ಗೋಡೆಯನ್ನು ಭೇದಿಸಿದವನಿಗೆ ಚಪ್ಪಾಳೆ, ಮಾರ್ಪಾಡಿದ್ದ ಆಟಕ್ಕೆ ತಿರಸ್ಕಾರ! ಇದರಲ್ಲಿ ಅಸಂಗತವೇನೂ ಇಲ್ಲ. ಮೊದಲನೆಯದು ಎಲ್ಲರೂ ಬಲ್ಲ ಆಟ. ಎರಡನೆಯದು ಇತರರು ಅರಿಯದ ಬೇರೆ ಆಟ.

ಹಾಗಾದರೆ ಕಾನೂನಿನ ಸಂದಿನಲ್ಲಿ ನುಸುಳಿ ತೆರಿಗೆಯನ್ನು ತಪ್ಪಿಸಿಕೊಳ್ಳುವವನೂ ಬರಿಯ ನಿಪುಣನಷ್ಟೆಯೆ ಎಂದು ವಾಚಕರು ಕೇಳಬಹುದು. ಸಾದೃಶ್ಯವು ಮೇಲುನೋಟದ್ದು. ಅವನು ಇಳಿಸಿದ ಹೊರೆಯು ನೆರೆಯವನ ಹೆಗಲಿಗೆ ಬೀಳುತ್ತದೆ. ಅವನ ಲಾಭವು ಇತರರು ಕಟ್ಟಳೆಯಂತೆ ನಡೆಯುವುದರಿಂದಲೇ ಹುಟ್ಟಿದುದು. ಆಟಗಾರನಾದರೋ ತನ್ನ ದಾರಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟು, ಆಮೇಲೆ ಓಡಲು ನಿಲ್ಲುತ್ತಾನೆ. ಅವನಿಂದ ಯಾರಿಗೂ ಏನೂ ನಷ್ಟವಿಲ್ಲ.

ಒಂದು ವಸ್ತುವನ್ನು, ಅದನ್ನು ಮಾಡಿದವನು ಬಲ್ಲುದಕ್ಕಿಂತಲೂ ಆಳವಾಗಿ ಅರಿಯುವ ಸಂತೋಷವೇ ಈ ಅಭ್ಯಾಸದ ಸೆಳೆತ. ಆ ಸಂತೋಷವು ನಿರ್ದೋಷವಾದುದು. ವಸ್ತುವಿನ ದೋಷವನ್ನು ಬಳಸಿಕೊಂಡ ಮಾತ್ರಕ್ಕೆ ಮನುಷ್ಯನು ಕೆಡುವುದಿಲ್ಲ. ಮತ್ತೊಬ್ಬನ ನಂಬಿಕೆಯನ್ನು ಬಳಸಿಕೊಂಡಾಗ ಕೆಡುತ್ತಾನೆ.