ಫಾರ್ಮ್ಯಾಟ್ ಹೊಡೆಯುವ ಮುನ್ನ

“ಏನಾಯ್ತು?”
“ಕೆಲಸ ಮಾಡ್ತಾ ಇದ್ದೆ ಸಾರ್, ಇದ್ದಕ್ಕಿದ್ದಂತೆ ಆಫ್ ಆಗೋಯ್ತು.”
“ಸ್ಕ್ರೀನ್ ಮೇಲೆ ಏನಾದ್ರೂ ಬಂತಾ?”
“ಏನೋ ನೀಲಿ ಬಂದಂಗಿತ್ತು. ಓದೋಷ್ಟರಲ್ಲಿ ಹೋಯ್ತು.”
“ಬಿಟ್ಟು ಹೋಗಿ, ಫಾರ್ಮ್ಯಾಟ್ ಹೊಡೆದು ಕೊಡ್ತೀನಿ.”

ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಕೌಂಟರಿನಲ್ಲಿ ಈ ಮಾತುಕತೆ ಕೇಳದವರು ಕಡಿಮೆ. ಪರೀಕ್ಷೆ, ನಿರ್ಣಯ, ಚಿಕಿತ್ಸೆ ಎಲ್ಲವೂ ಅರ್ಧ ನಿಮಿಷದಲ್ಲಿ ಮುಗಿಯಿತು. ಗಿರಾಕಿಗೂ ಸಮಾಧಾನ, ಅಂಗಡಿಯವನಿಗೂ ಸಲೀಸು. ಯಂತ್ರ ಯಾಕೆ ಬಿತ್ತು ಎಂದು ಮಾತ್ರ ಇಬ್ಬರೂ ಕೇಳಲಿಲ್ಲ.

ಗಿರಾಕಿಯ ಮಾತನ್ನು ಸ್ವಲ್ಪ ಬಿಡಿಸಿ ನೋಡಿದ್ದರೂ ಸಾಕಿತ್ತು. ‘ಆಫ್ ಆಯ್ತು’ ಬೇರೆ, ‘ನೀಲಿ ಬಂತು’ ಬೇರೆ. ನೀಲಿ ಪರದೆ ಬಂತೆಂದರೆ ವಿಂಡೋಸ್ ತನ್ನೊಳಗೆ ಸರಿಪಡಿಸಲಾಗದ ತಪ್ಪನ್ನು ಕಂಡು ತಾನಾಗಿಯೇ ನಿಂತಿದೆ. (ಈಚಿನ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಆ ಪರದೆಯನ್ನು ಕಪ್ಪು ಮಾಡಿದೆ. ಬಣ್ಣ ಬದಲಾದ ಮಾತ್ರಕ್ಕೆ ನಮ್ಮ ಸಂಕಟವೇನೂ ಬದಲಾಗಿಲ್ಲ.) ಸಂದೇಶವೇ ಇಲ್ಲದೆ ದೀಪ ಆರಿದಂತೆ ಆರಿಹೋದರೆ, ಸಂಶಯ ಮೊದಲು ಹೋಗಬೇಕಾದದ್ದು ಕರೆಂಟು ಮತ್ತು ಕಾವಿನ ಕಡೆಗೆ. ಪ್ರೊಸೆಸರ್ ನೂರು ಡಿಗ್ರಿಯ ಆಸುಪಾಸಿಗೆ ಬಂದಾಗ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ತಣಿಯದಿದ್ದರೆ ಸುಟ್ಟುಹೋಗದಿರಲೆಂದು ಇಡೀ ಯಂತ್ರವೇ ತಟ್ಟನೆ ಆರುತ್ತದೆ. ಹಾಸಿಗೆಯ ಮೇಲೆ, ರಗ್ಗಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಸಿನಿಮಾ ನೋಡುವವರ ಮನೆಯಲ್ಲಿ ಇದು ಮಾಮೂಲು.

ತಳದ ಮುಚ್ಚಳ ಬಿಚ್ಚಿಸಿ ಒಮ್ಮೆ ನೋಡಿ. ಫ್ಯಾನಿನ ರೆಕ್ಕೆಗಳು ಮೇಲ್ನೋಟಕ್ಕೆ ಅಷ್ಟೇನೂ ಕೊಳಕಾಗಿರುವುದಿಲ್ಲ. ಫ್ಯಾನು ಗಾಳಿ ಊದುವ ಕಡೆ, ತೆಳ್ಳನೆಯ ಲೋಹದ ಪಟ್ಟಿಗಳ ಸಾಲು ಶುರುವಾಗುವ ಜಾಗದಲ್ಲಿ ಬೂದುಬಣ್ಣದ ಒಂದು ಪದರ ಕೂತಿರುತ್ತದೆ. ಧೂಳು, ಹತ್ತಿಯ ಎಳೆ, ತಲೆಗೂದಲು ಸೇರಿ ಕಂಬಳಿಯಂತೆ ಗಟ್ಟಿಯಾದದ್ದು. ಚಿಮಟದಲ್ಲಿ ಹಿಡಿದೆಳೆದರೆ ಇಡಿಯಾಗಿ ಕಿತ್ತು ಬರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಅಲ್ಲಾಡುವುದೂ ಇಲ್ಲ. ಇಂಥ ಯಂತ್ರಕ್ಕೆ ಫಾರ್ಮ್ಯಾಟ್ ಹೊಡೆದರೆ ಆ ಧೂಳಿಗೇನು ಆಗಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ.

ನೀಲಿ ಪರದೆಯ ಬರಹವನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಯಂತ್ರ ಎಲ್ಲಿ ಎಡವಿತು ಎನ್ನುವುದಷ್ಟೇ ಅಲ್ಲಿರುತ್ತದೆ. ಯಾಕೆ ಎಡವಿತು ಎನ್ನುವುದು ಬೇರೆಯೇ ಕಥೆ. 2024ರ ಜುಲೈ 19ರ ಶುಕ್ರವಾರವನ್ನು ನೆನಪಿಸಿಕೊಳ್ಳಿ. ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಂದೇ ದಿನ ನೆಲಕಚ್ಚಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಪ್ರಯಾಣಿಕರ ಕೈಗೆ ಬಂತು. ಅವತ್ತು ಹಲವು ಪರದೆಗಳಲ್ಲಿ ಇದ್ದ ಬರಹ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’. ಓದಿದರೆ ಮೆಮೊರಿಯ ದೋಷ ಅನ್ನಿಸುತ್ತದೆ. ಒಂಟಿ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೆ ಹೋಗಿದ್ದರೆ ‘ರ‍್ಯಾಮ್ ಹೋಗಿದೆ, ಬದಲಾಯಿಸಬೇಕು’ ಎಂಬ ಉತ್ತರ ಬಂದರೂ ಆಶ್ಚರ್ಯವಿರಲಿಲ್ಲ. ರ‍್ಯಾಮ್‌ಗೆ ಏನೂ ಆಗಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಕಳಿಸಿದ ಅಪ್‌ಡೇಟಿನ ಒಂದು ಕಡತ ಕೆಟ್ಟಿತ್ತು. ಅದು 21 ಮಾಹಿತಿಗಳನ್ನು ನಿರೀಕ್ಷಿಸುತ್ತಿತ್ತು, ಯಂತ್ರದಲ್ಲಿದ್ದ ತಂತ್ರಾಂಶ ಒದಗಿಸುತ್ತಿದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಹುಡುಕಹೋಗಿ ಮೆಮೊರಿಯಲ್ಲಿ ಓದಬಾರದ ಜಾಗಕ್ಕೆ ಕೈಹಾಕಿತು. ಸೇಫ್ ಮೋಡಿನಲ್ಲಿ ತೆರೆದು ಆ ಕಡತವೊಂದನ್ನು ಅಳಿಸಿದರೆ ಯಂತ್ರ ಮತ್ತೆ ಏಳುತ್ತಿತ್ತು. 85 ಲಕ್ಷ ಯಂತ್ರಗಳು ಒಟ್ಟಿಗೆ ಬಿದ್ದದ್ದರಿಂದ ರ‍್ಯಾಮ್ ಮೇಲೆ ಅಪವಾದ ಬರಲಿಲ್ಲ, ಅಷ್ಟೇ.

ನಮ್ಮ ಮನೆಯ ಒಂಟಿ ಲ್ಯಾಪ್‌ಟಾಪಿಗೆ ಆ ಭಾಗ್ಯವಿಲ್ಲ. ಅದಕ್ಕೆ ಇರುವ ಸಾಕ್ಷಿ ಅದು ತಾನೇ ಬರೆದಿಟ್ಟ ದಾಖಲೆ. ಸ್ಟಾರ್ಟ್ ಗುಂಡಿ ಒತ್ತಿ ‘ರಿಲಯಬಿಲಿಟಿ’ ಎಂದು ಟೈಪಿಸಿದರೆ ದಿನವಾರು ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಯಂತ್ರ ಬಿದ್ದ ದಿನಕ್ಕೆ ಕೆಂಪು ಗುರುತು, ಅದೇ ಸಾಲಿನಲ್ಲಿ ಆ ದಿನ ಹೊಸದಾಗಿ ಏನೇನು ಇನ್‌ಸ್ಟಾಲ್ ಆಯಿತೆಂಬ ವಿವರ. ‘ನಾನೇನೂ ಮಾಡಿಲ್ಲ’ ಎಂದು ಆಣೆ ಇಡುವವರ ಲ್ಯಾಪ್‌ಟಾಪಿನಲ್ಲೂ ಹಿಂದಿನ ದಿನವೇ ಗ್ರಾಫಿಕ್ಸ್ ಡ್ರೈವರ್ ಬದಲಾದದ್ದು ಅಲ್ಲಿ ಕಾಣಬಹುದು, ಏಕೆಂದರೆ ಅಪ್‌ಡೇಟ್‌ಗಳು ಈಗ ಯಾರನ್ನೂ ಕೇಳಿ ಬರುವುದಿಲ್ಲ. ಈವೆಂಟ್ ವ್ಯೂವರ್ ತೆರೆದವರಿಗೆ ‘ಕರ್ನಲ್ ಪವರ್ 41’ ಎಂಬ ಸಾಲು ಸಿಗುತ್ತದೆ. ಕಾರಣ ಸಿಕ್ಕಿತೆಂದು ಅನೇಕರು ಅಲ್ಲಿಗೇ ನಿಲ್ಲುತ್ತಾರೆ. ಅದು ಹೇಳುವುದು, ಯಂತ್ರ ಸರಿಯಾಗಿ ಷಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂದಷ್ಟೇ. ಪವರ್ ಬಟನ್ ಒತ್ತಿಹಿಡಿದು ನೀವೇ ಆರಿಸಿದರೂ ಅದೇ ಸಾಲು ಬರುತ್ತದೆ.

ನೀಲಿ ಪರದೆಯಲ್ಲಿ ಪ್ರತಿ ಸಲವೂ ಒಂದೇ ಸಂಕೇತ, ಒಂದೇ ಡ್ರೈವರಿನ ಹೆಸರು ಬರುತ್ತಿದ್ದರೆ ಆ ಡ್ರೈವರನ್ನು ಹಿಂದಿನದಕ್ಕೆ ಮರಳಿಸಿ ನೋಡಬೇಕು. ಸಲಕ್ಕೊಂದು ಸಂಕೇತ ಬರುತ್ತಿದ್ದರೆ ರ‍್ಯಾಮ್ ಅಥವಾ ಕಾವಿನ ಮೇಲೆ ಅನುಮಾನ. ವಿಂಡೋಸ್‌ನಲ್ಲೇ ಮೆಮೊರಿ ಪರೀಕ್ಷೆ ಇದೆ, ದುಡ್ಡು ಕೊಡಬೇಕಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎನ್ನುವುದನ್ನಂತೂ ನಮ್ಮ ಅಂಗಡಿಗಳು ಕೇಳಿಯೇ ಇಲ್ಲ. ರ‍್ಯಾಮ್ ಹೊಸದು, ಫ್ಯಾನ್ ಕ್ಲೀನಿಂಗ್, ಜತೆಗೆ ಫಾರ್ಮ್ಯಾಟ್. ಮೂರೂ ಒಂದೇ ಮಧ್ಯಾಹ್ನ. ವಾಸಿಯಾದದ್ದು ಯಾವುದರಿಂದ ಎಂದು ಅಂಗಡಿಯವನಿಗೂ ಗೊತ್ತಿಲ್ಲ, ಬಿಲ್ಲು ಮಾತ್ರ ಮೂರಕ್ಕೂ ಬರುತ್ತದೆ.

ಫಾರ್ಮ್ಯಾಟ್ ಕೆಲವು ಸಲ ನಿಜಕ್ಕೂ ಬೇಕಾಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಕಟ್ಟಕಡೆಯ ಉಪಾಯ. ಇಷ್ಟು ಹೊತ್ತು ಹೇಳಿದ ದಾಖಲೆಗಳೆಲ್ಲ ಅದರಲ್ಲಿ ಅಳಿಸಿಹೋಗುತ್ತವೆ. ಮುಂದಿನ ಸಲ ಪರದೆ ನೀಲಿಯಾದರೆ ಮೊದಲು ಮೊಬೈಲ್ ತೆಗೆದು ಒಂದು ಫೋಟೊ ಹೊಡೆದುಕೊಳ್ಳಿ. ಯಂತ್ರ ಮತ್ತೆ ಎದ್ದರೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ‘ಮಿನಿಡಂಪ್’ ಇದೆಯೇ ನೋಡಿ. ಇದ್ದರೆ ಅದನ್ನೂ, ನಿಮ್ಮ ಫೋಟೊ, ಕಾಗದಪತ್ರಗಳನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು, ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಿ.